ಬೇಡವೆಂದ ಐದು ಅಂಕ

ನನ್ನನ್ನು ಕೈಬಿಟ್ಟವರು ಕೆಟ್ಟವರಾಗಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ಕೆಟ್ಟವರನ್ನು ಬೈದು ಮುಗಿಸಬಹುದು. ಈ ಮೇಷ್ಟ್ರು ಒಳ್ಳೆಯವರು. ಮೈಸೂರಿನಲ್ಲಿ ನಾನು ಓದಿದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದವರು. ಪೇಟ, ಕರಿ ಕೋಟು, ಕಚ್ಚೆ ಪಂಚೆ, ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿ. ಒಂದು ದಿನವೂ ತಡವಾಗಿ ಬಂದವರಲ್ಲ, ಒಂದು ಹುಡುಗಿಯನ್ನೂ ಗದರಿಸಿದವರಲ್ಲ. ಅವರು ಮಾಡಿದ್ದನ್ನು ಬರೆಯಲು ಕುಳಿತಾಗಲೆಲ್ಲ ಅವರ ಒಳ್ಳೆಯತನವೇ ಬಂದು ಅಡ್ಡ ನಿಲ್ಲುತ್ತಿತ್ತು. ಇವತ್ತು ಅದನ್ನು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ. ನನಗೂ ವಯಸ್ಸಾಯಿತು, ಇನ್ನು ಯಾರ ಮರ್ಯಾದೆ ಕಾಯಬೇಕು?

ನಮ್ಮ ಮನೆ ಲಷ್ಕರ್ ಮೊಹಲ್ಲಾದಲ್ಲಿ, ಚರ್ಚಿಗೆ ಹತ್ತಿರ. ಅಪ್ಪ ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ನಿಲುಗಡೆ ಎನ್ನುವ ಬ್ಯಾಂಡಿನ ಶಿಸ್ತನ್ನು ಅವರು ಮನೆಗೂ ತಂದಿದ್ದರು. ಒಮ್ಮೆ ಆಡಿದ ಮಾತನ್ನು ಬದಲಿಸಿದ್ದು ನಾನು ಕಂಡಿಲ್ಲ. ಅಮ್ಮ ತೀರಿಕೊಂಡ ಮೇಲಂತೂ ಆ ಮಾತುಗಳು ಇನ್ನಷ್ಟು ಕಡಿಮೆಯಾಗಿ, ಇನ್ನಷ್ಟು ಗಟ್ಟಿಯಾದವು. ನಾನು ಹೈಸ್ಕೂಲಿನ ಕೊನೆಯ ತರಗತಿಗೆ ಬಂದ ದಿನ ಅಪ್ಪ ಊಟಕ್ಕೆ ಕುಳಿತು ಹೇಳಿದರು: “ಒಂದೇ ಸಲ ಕಣಮ್ಮ. ಕಾಲೇಜಿಗೆ ಅರ್ಹತೆ ಬಂತೋ, ಕಾಲೇಜು. ಬರ್ಲಿಲ್ವೋ, ಚರ್ಚಿನ ಶಾಲೇಲಿ ಸಣ್ಣ ಮಕ್ಕಳಿಗೆ ಪಾಠ ಹೇಳೋ ಕೆಲ್ಸ ಇದೆ, ಫಾದರ್ ಕೇಳಿದಾರೆ. ಎರಡನೇ ಸಲ ಅನ್ನೋ ಮಾತಿಲ್ಲ.”

ಆಗಿನ ಪದ್ಧತಿ ಹಾಗಿತ್ತು. ಹೈಸ್ಕೂಲು ಮುಗಿಸಿದವರೆಲ್ಲ ಕಾಲೇಜಿಗೆ ಹೋಗುವಂತಿರಲಿಲ್ಲ. ಪ್ರತಿಯೊಂದು ವಿಷಯದಲ್ಲೂ ಇಷ್ಟು ಅಂಕ ಎಂದು ಗೊತ್ತುಮಾಡಿದ್ದರು. ಅಷ್ಟು ಬಂದವರ ಹೆಸರಿನ ಮುಂದೆ ‘ಅರ್ಹರು’ ಎಂದು ಬೀಳುತ್ತಿತ್ತು. ಒಂದು ವಿಷಯದಲ್ಲಿ ಕಡಿಮೆಯಾದರೂ ಕಾಲೇಜು ಇಲ್ಲ. ನನಗೆ ಕಾಲೇಜು ಬೇಕಾಗಿತ್ತು. ಹಠಕ್ಕಲ್ಲ, ಕೆಲಸಕ್ಕಲ್ಲ, ಚರಿತ್ರೆ ಓದುವುದಕ್ಕೆ. ಅಪ್ಪನ ಮಾತು ಕೇಳಿ ನನಗೆ ಭಯವಾಗಲಿಲ್ಲ. ಬೇರೆ ಯಾವುದರಲ್ಲಿ ಸೋತರೂ ಚರಿತ್ರೆಯಲ್ಲಿ ಸೋಲುವವಳು ನಾನಲ್ಲ ಎಂದು ಗೊತ್ತಿತ್ತು.

ಆ ಹುಚ್ಚು ಹತ್ತಿಸಿದವರು ಅದೇ ಮೇಷ್ಟ್ರು. ಅವರು ಇಂಗ್ಲಿಷಿನಲ್ಲಿ ಪಾಠ ಮಾಡಿದ ವರ್ಷ ನಾವು ಆಕಳಿಸಿದ್ದೆವು. ಆಮೇಲೆ ಸರ್ಕಾರದಿಂದ ಒಂದು ಸುತ್ತೋಲೆ ಬಂತು. ಚರಿತ್ರೆಯನ್ನು ಬೇಕಾದವರು ಕನ್ನಡದಲ್ಲಿ ಕಲಿತು ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಪ್ರಶ್ನೆ ಎರಡಕ್ಕೂ ಒಂದೇ, ಅಂಕ ಒಂದೇ, ಬೆಲೆ ಒಂದೇ. ಮೇಷ್ಟ್ರು ಅದನ್ನು ತರಗತಿಯಲ್ಲಿ ಎರಡು ಸಲ ಓದಿದರು. ಎರಡನೆಯ ಸಲ ಪೇಟ ಸರಿಮಾಡಿಕೊಂಡು ಓದಿದರು. ಕನ್ನಡದಲ್ಲಿ ಪಠ್ಯಪುಸ್ತಕವೇ ಇರಲಿಲ್ಲ. ಪ್ರತಿದಿನ ಬೆಳಗ್ಗೆ ಮನೆಯಲ್ಲಿ ಕುಳಿತು ಬರೆದು ತಂದು ನಮಗೆ ಹೇಳಿ ಬರೆಸುತ್ತಿದ್ದರು. ಇಂಗ್ಲೆಂಡಿನ ರಾಜರು ಅವರ ಬಾಯಲ್ಲಿ ನಮ್ಮ ಬೀದಿಯ ಜನರ ಹಾಗೆ ಜಗಳವಾಡುತ್ತಿದ್ದರು. ತಲೆ ಕಡಿಸಿಕೊಂಡ ಒಬ್ಬ ರಾಜನಿಗಾಗಿ ನಾನು ಮನೆಗೆ ಬಂದು ಅತ್ತದ್ದೂ ಉಂಟು. ನೋಡಿ ಅಪ್ಪ ನಕ್ಕಿದ್ದರು.

ಯಾರು ಕನ್ನಡದಲ್ಲಿ ಬರೆಯುತ್ತೀರಿ ಎಂದು ಮೇಷ್ಟ್ರು ಕೇಳಿದಾಗ ಏಳು ಜನ ಕೈ ಎತ್ತಿದೆವು. ಮೊದಲು ಎತ್ತಿದವಳು ನಾನು. ಪಕ್ಕದಲ್ಲಿ ಕುಳಿತಿದ್ದ ನನ್ನ ಗೆಳತಿ ಎತ್ತಲಿಲ್ಲ. ಅವಳ ಅಪ್ಪನದು ತಾಮ್ರ ಹಿತ್ತಾಳೆ ಪಾತ್ರೆಯ ಅಂಗಡಿ. ಹಣೆಗೆ ಅಗಲವಾಗಿ ವಿಭೂತಿ ಧರಿಸಿ ಅಂಗಡಿಯ ಬಾಗಿಲಲ್ಲೇ ಕೂರುತ್ತಿದ್ದರು. ಅವರನ್ನು ಒಪ್ಪಿಸೋಣ ಎಂದು ನಾನೇ ಹೋಗಿ ಸುತ್ತೋಲೆಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿ, “ಕನ್ನಡ ನಮ್ಮನೇಲೇ ಐತೆ ಕಣವ್ವ, ಅದುಕ್ಕೆ ಇಸ್ಕೂಲಿಗೆ ಯಾಕೆ ಕಳಿಸ್ಬೇಕು? ಸಮ ಅಂತ ಕಾಗದ್ದಾಗೆ ಬರೆದ್ರೆ ಸಮ ಆಗ್ಬುಡ್ತದಾ?” ಎಂದರು. ವ್ಯಾಪಾರಿಯ ಬುದ್ಧಿ ಎಂದುಕೊಂಡು ನಾನು ಮನಸ್ಸಿನಲ್ಲೇ ತಾತ್ಸಾರ ಮಾಡಿದೆ.

ಅಪ್ಪನನ್ನೂ ಕೇಳದೆ ಕೈ ಎತ್ತಿದ್ದೆನಲ್ಲ, ಸಂಜೆ ಹೆದರುತ್ತಲೇ ಹೇಳಿದೆ. ಅವರು ಕ್ಲಾರಿನೆಟ್ಟಿನ ತುಂಡುಗಳನ್ನು ಒರೆಸುತ್ತಾ, “ನಾನು ಓದೋ ಸ್ವರ ಇಂಗ್ಲಿಷೂ ಅಲ್ಲ, ಕನ್ನಡಾನೂ ಅಲ್ಲ. ಯಾವ ಊರಿನೋನು ಊದಿದ್ರೂ ಅದೇ ಶಬ್ದ ಬರ್ತದೆ. ಉತ್ತರ ಸರಿ ಇದ್ರೆ ಯಾವ ಭಾಷೆಯಾದ್ರೇನು? ಮೇಷ್ಟ್ರು ಹೇಳಿದ್ಮೇಲೆ ಮುಗೀತು” ಎಂದರು. ಮೇಷ್ಟ್ರೂ ಅದನ್ನೇ ಹೇಳಿದ್ದರು. “ನಿಮಗೆ ಒಂದು ಅಂಕವೂ ಅನ್ಯಾಯ ಆಗೋಲ್ಲ. ಅದಕ್ಕೆ ನಾನು ಹೊಣೆ” ಎಂದಿದ್ದರು. ಈ ಮಾತು ಏಳು ಜನರ ಎದುರಿಗೆ ಆಡಿದ್ದು. ಮುಂದಿನದನ್ನು ಓದುವಾಗ ನೆನಪಿರಲಿ.

ವರ್ಷವಿಡೀ ಗೆಳತಿಗೆ ಚರಿತ್ರೆ ಹೇಳಿಕೊಟ್ಟವಳು ನಾನು. ಅವಳಿಗೆ ಇಸವಿಗಳು ತಲೆಗೆ ಹತ್ತುತ್ತಿರಲಿಲ್ಲ. ಯಾರು ಯಾರ ಮಗ ಎನ್ನುವುದೂ ಹತ್ತುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕಥೆಯಾಗಿ ಹೇಳುತ್ತಿದ್ದೆ, ಅವಳು ನನ್ನ ಎದುರಿಗೇ ಅದನ್ನು ನಾಲ್ಕು ಇಂಗ್ಲಿಷ್ ವಾಕ್ಯ ಮಾಡಿ ಬರೆದುಕೊಳ್ಳುತ್ತಿದ್ದಳು. “ಇಷ್ಟೇನಾ?” ಎಂದು ಕೇಳಿದರೆ, “ಇಷ್ಟೇ ಕಣೇ ನಂಗೆ ಬರೋದು” ಎಂದು ನಗುತ್ತಿದ್ದಳು. ಅವಳ ನಗು ಕಂಡು ನನಗೆ ಪಾಪ ಎನ್ನಿಸುತ್ತಿತ್ತು.

ಪರೀಕ್ಷೆಯ ದಿನ ಇಂಗ್ಲಿಷ್ ಪ್ರಶ್ನೆಪತ್ರಿಕೆ ಬಿಳಿ ಕಾಗದದ ಮೇಲೆ ಅಚ್ಚುಕಟ್ಟಾಗಿ ಅಚ್ಚಾಗಿ ಬಂದಿತ್ತು. ಕನ್ನಡದ್ದು ಕೈಬರಹದ ಕಲ್ಲಚ್ಚು. ಒಂದು ಅಂಚಿನಲ್ಲಿ ಮಸಿ ಹತ್ತಿರಲೇ ಇಲ್ಲ. ಏಳು ಜನಕ್ಕೆ ನಾಲ್ಕೇ ಹಾಳೆ. ಮೇಲ್ವಿಚಾರಕರು ಗಾಬರಿಯಾಗಿ ಬಾಗಿಲ ಬಳಿ ಯಾರೊಡನೆಯೋ ಮಾತಾಡಿ ಬಂದು, “ಇಬ್ಬಿಬ್ಬರು ಸೇರಿ ನೋಡ್ಕೊಳ್ಳಿ, ಮಾತಾಡ್ಕೂಡದು” ಎಂದರು. ಹಾಳೆಯನ್ನು ನಡುವೆ ಇಟ್ಟುಕೊಂಡು, ಒಬ್ಬಳು ಓದಿ ಮುಗಿಸುವವರೆಗೆ ಇನ್ನೊಬ್ಬಳು ಕಾಯುತ್ತಾ, ಸನ್ನೆಯಲ್ಲಿ ತಿರುಗಿಸು ಎನ್ನುತ್ತಾ ಬರೆದೆವು. ಅವರಿಗೂ ಮೂರು ಗಂಟೆ, ನಮಗೂ ಮೂರು ಗಂಟೆ. ನಿಬ್ಬನ್ನು ಮಸಿಗೆ ಅದ್ದಿ ಅದ್ದಿ ಕನ್ನಡದ ಒಂದು ಪುಟ ಬರೆಯುವಷ್ಟರಲ್ಲಿ ಇಂಗ್ಲಿಷಿನವರು ಒಂದೂವರೆ ಪುಟ ಬರೆದಿರುತ್ತಾರೆ. ನನಗೆ ಗೊತ್ತಿದ್ದದ್ದೂ ಹೆಚ್ಚು. ಅದೇ ನನಗೆ ಕುತ್ತಾಯಿತು. ಕೊನೆಯ ಪ್ರಶ್ನೆ ಅರ್ಧದಲ್ಲಿರುವಾಗ ಗಂಟೆ ಹೊಡೆಯಿತು. ಗೆಳತಿ ಅರ್ಧ ಗಂಟೆ ಮುಂಚೆಯೇ ಎದ್ದು ಹೋಗಿ ಹೊರಗೆ ಸೀಬೆಕಾಯಿ ತಿನ್ನುತ್ತಿದ್ದಳು.

ಆದರೂ ನನಗೆ ಚಿಂತೆಯಾಗಲಿಲ್ಲ. ಬರೆದಷ್ಟು ಚೆನ್ನಾಗಿ ಬರೆದಿದ್ದೆ. ಆ ಬೇಸಿಗೆಯಲ್ಲಿ ಮೇಷ್ಟ್ರು ಉತ್ತರಪತ್ರಿಕೆ ತಿದ್ದುವುದಕ್ಕೆ ಬೆಂಗಳೂರಿಗೆ ಹೋಗಿದ್ದಾರೆಂದು ಕೇಳಿ ಇನ್ನಷ್ಟು ಧೈರ್ಯ ಬಂತು.

ಫಲಿತಾಂಶ ಬಂದ ದಿನ ಗೆಳತಿ ಓಡಿಬಂದಳು. ಅವಳ ನಂಬರು ಅರ್ಹರ ಪಟ್ಟಿಯಲ್ಲಿತ್ತು. ನನ್ನದನ್ನೂ ಹುಡುಕಿದೆವು. ಮೇಲಿಂದ ಹುಡುಕಿದೆವು, ಕೆಳಗಿಂದ ಹುಡುಕಿದೆವು. ಒಂದು ವಾರಕ್ಕೆ ಅಂಕಗಳ ಪುಸ್ತಕ ಕೈಗೆ ಬಂದಾಗ ಗೊತ್ತಾಯಿತು. ಗಣಿತದಲ್ಲಿ ದಾಟಿದ್ದೆ, ಇಂಗ್ಲಿಷಿನಲ್ಲಿ ದಾಟಿದ್ದೆ, ವಿಜ್ಞಾನದಲ್ಲಿ ಹೇಗೋ ದಾಟಿದ್ದೆ. ಚರಿತ್ರೆಯಲ್ಲಿ ಮೂರು ಅಂಕ ಕಡಿಮೆ. ಕನ್ನಡದಲ್ಲಿ ಬರೆದ ಏಳು ಜನರಲ್ಲಿ ದಾಟಿದವಳು ಒಬ್ಬಳೇ ಒಬ್ಬಳು, ಅದೂ ಅಂಚಿನಲ್ಲಿ. ನಾಲ್ಕು ವಾಕ್ಯದ ಗೆಳತಿಗೆ ಬೇಕಾದದ್ದಕ್ಕಿಂತ ಹನ್ನೊಂದು ಅಂಕ ಹೆಚ್ಚಿಗೆ ಬಂದಿತ್ತು. ಅವಳು ಅದನ್ನು ನನ್ನಿಂದ ಮುಚ್ಚಿಡಲು ನೋಡಿದಳು, ನಾನೇ ಕಿತ್ತುಕೊಂಡು ಓದಿದೆ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

“ಕೂಡಿಸೋದ್ರಲ್ಲಿ ತಪ್ಪಾಗಿರಬೌದು. ಮೇಷ್ಟ್ರನ್ನೇ ಕೇಳಣ” ಎಂದು ಅಪ್ಪ ಮರುದಿನ ಬೆಳಗ್ಗೆ ನನ್ನನ್ನು ಕರೆದುಕೊಂಡು ಅಗ್ರಹಾರಕ್ಕೆ ಹೊರಟರು. ಬ್ಯಾಂಡಿನ ಕೋಟು ಹಾಕಿಕೊಂಡಿದ್ದರು. ಮೇಷ್ಟ್ರ ಮನೆ ಗಲ್ಲಿಯ ಕೊನೆಯಲ್ಲಿ. ನಾವು ಕ್ರೈಸ್ತರು, ಒಳಗೆ ಹೋಗುವ ಮಾತಿಲ್ಲ. ಜಗುಲಿಯ ಮೇಲೆ ಚಾಪೆ ಹಾಸಿ, “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ಉಪಚಾರ ಮಾಡಿದರು. ಮುಖ ಕಳೆಕಳೆಯಾಗಿತ್ತು. ಏಳರಲ್ಲಿ ಆರು ಮಕ್ಕಳು ಬಿದ್ದ ಮೇಷ್ಟ್ರ ಮುಖದ ಹಾಗಿರಲಿಲ್ಲ.

ಅಪ್ಪ ವಿಷಯ ತೆಗೆದರು. ಮೇಷ್ಟ್ರು ತಲೆಯಾಡಿಸಿದರು. “ಕೂಡಿಸೋದ್ರಲ್ಲಿ ತಪ್ಪಿಲ್ಲ. ಕನ್ನಡದ ಉತ್ತರಪತ್ರಿಕೆಗಳ ಕಟ್ಟು ತಿದ್ದಿದೋನೇ ನಾನು” ಎಂದರು.

ನಾನು ಅವರ ಮುಖವನ್ನೇ ನೋಡಿದೆ.

“ನಂಬರು ಬಿಟ್ಟು ಬೇರೇನೂ ಇರೋಲ್ಲ, ಆದ್ರೆ ಇವಳ ಅಕ್ಷರ ನನಗೆ ಗೊತ್ತಾಗೋಲ್ವೆ? ಚೆನ್ನಾಗಿ ಬರೆದಿದ್ದಳು. ಆದ್ರೆ ಅಲ್ಲಿ ಏನಾಯ್ತು ಅಂತ ನಿಮಗೆ ಹೇಳ್ಬೇಕು.” ಅವರು ನಶ್ಯದ ಡಬ್ಬಿ ತೆಗೆದು ಹಾಗೇ ಕೈಯಲ್ಲಿ ಹಿಡಿದುಕೊಂಡರು. “ಎಲ್ಲ ಪರೀಕ್ಷಕರೂ ಒಂದೇ ಹಾಲಿನಲ್ಲಿ ಕೂತು ತಿದ್ದೋದು. ಇಂಗ್ಲಿಷಿನೋರು ಹತ್ತಾರು ಜನ, ಕನ್ನಡಕ್ಕೆ ನಾನೊಬ್ಬ. ಮೊದಲನೇ ದಿನಾನೇ ಮುಖ್ಯ ಪರೀಕ್ಷಕರು ಎಲ್ಲರೆದುರಿಗೆ ನಕ್ಕೊಂಡು ಅಂದ್ರು, ‘ನಿಮ್ದೇನು ಬಿಡಿ, ಅಡುಗೆಮನೆ ಭಾಷೆ, ಎಲ್ಲರೂ ಪಾಸು.’ ನನಗೆ ಮೈಯೆಲ್ಲ ಉರಿದುಹೋಯ್ತು. ಆವತ್ತೇ ತೀರ್ಮಾನ ಮಾಡ್ದೆ. ಕನ್ನಡ ಅಂದ್ರೆ ಸಲೀಸು ಅಂತ ಇನ್ನೊಬ್ಬ ಅನ್ನಬಾರದು. ಇಂಗ್ಲಿಷಿನೋರು ಒಂದು ಗೆರೆ ಎಳೆದ್ರೆ ನಾನು ಎರಡು ಗೆರೆ ಎಳೆದೆ. ಅರ್ಧ ಉತ್ತರಕ್ಕೆ ಅವರು ಅರ್ಧ ಅಂಕ ಕೊಟ್ಟರು, ನಾನು ಕೊಡಲಿಲ್ಲ.”

ಅಪ್ಪ ಚಾಪೆಯ ಮೇಲೆ ಮುಂದಕ್ಕೆ ಜರುಗಿದರು.

“ಕೊನೇ ದಿನ ನೋಡಿದ್ರೆ ಇಂಗ್ಲಿಷ್ ಕಟ್ಟಿನಲ್ಲೇ ಬಹಳ ಜನ ಬಿದ್ದಿದ್ರು. ಪ್ರಶ್ನೆಪತ್ರಿಕೆ ಕಠಿಣವಾಗಿತ್ತು ಅಂತ ಎಲ್ಲರಿಗೂ ತಲಾ ಐದು ಅಂಕ ಸೇರಿಸೋದು ಅಂತಾಯ್ತು. ಮುಖ್ಯ ಪರೀಕ್ಷಕರು ನನ್ನ ಮೇಜಿನ ಹತ್ರಾನೂ ಬಂದ್ರು. ‘ನಿಮ್ಮ ಕಟ್ಟಿಗೂ ಐದು ಹಾಕ್ಕೊಳ್ಳಿ’ ಅಂದ್ರು.” ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕುಳಿತರು. “ನಾನಂದೆ, ‘ನಮ್ಮ ಮಕ್ಕಳಿಗೆ ಭಿಕ್ಷೆ ಬೇಡ ಸ್ವಾಮಿ.’ ಆಮೇಲೆ ಒಬ್ಬರೂ ನಗಲಿಲ್ಲ.”

ಹೇಳಿ ಮುಗಿಸಿ ಅವರು ನನ್ನ ಕಡೆ ತಿರುಗಿ ಮುಗುಳ್ನಕ್ಕರು. ನಾನೂ ಹೆಮ್ಮೆಪಡುತ್ತೇನೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಹದಿನಾರು ವರ್ಷದ ಹುಡುಗಿ, ಹಿರಿಯರಿಬ್ಬರ ನಡುವೆ ಏನು ಮಾತಾಡುತ್ತೇನೆ? ಒಂದು ಅಂಕವೂ ಅನ್ಯಾಯವಾಗದು, ನಾನು ಹೊಣೆ ಎಂದವರು ಇವರೇ. ಯಾರೋ ಇಂಗ್ಲಿಷಿನವನು ಮಾಡಿದ್ದರೆ ಸರಿ, ಯಾರೋ ಗುಮಾಸ್ತ ಮಾಡಿದ್ದರೆ ಸರಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದದ್ದನ್ನು ಎದುರಿಗೆ ಕೂರಿಸಿಕೊಂಡು ವರ್ಣಿಸುತ್ತಿತ್ತು.

ಅಪ್ಪ ಏನಾದರೂ ಹೇಳುತ್ತಾರೆಂದು ಕಾದೆ. ಅಪ್ಪ ಎದ್ದು ನಿಂತು ಕೈಮುಗಿದರು. “ದೊಡ್ಡ ಮನಸ್ಸು ಸ್ವಾಮಿ ನಿಮ್ದು. ಮಾನ ಉಳಿಸಿದ್ರಿ” ಎಂದರು. ಮೇಷ್ಟ್ರು ಒಳಗಿನಿಂದ ಎರಡು ಬಾಳೆಹಣ್ಣು ತಂದು ನನ್ನ ಕೈಗೆ ಕೊಟ್ಟರು.

ಗಲ್ಲಿ ದಾಟುವವರೆಗೆ ತಡೆದುಕೊಂಡಿದ್ದೆ. ಆಮೇಲೆ ಕೇಳಿದೆ: “ಅಪ್ಪಾ, ಆ ಐದು ಹಾಕಿದ್ರೆ ನಾನು ಪಾಸಾಗ್ತಿದ್ದೆ. ಗೊತ್ತಾಯ್ತಾ ನಿಮಗೆ?”

“ಗೊತ್ತಾಯ್ತು ಕಣಮ್ಮ.”

“ಮತ್ತೆ ಕೈ ಯಾಕೆ ಮುಗಿದ್ರಿ?”

ಅಪ್ಪ ನಡೆಯುತ್ತಲೇ ಹೇಳಿದರು: “ಅರಮನೇಲಿ ನಮ್ಮ ಬ್ಯಾಂಡಿನೋರನ್ನ ನೋಡಿ ನಗೋರೂ ಇದಾರೆ. ಹಂಗೆ ಒಬ್ಬರ ಎದುರಿಗೂ ನಾನು ನಿಂತು ಮಾತಾಡಿಲ್ಲ. ಆ ಮನುಷ್ಯ ಮಾತಾಡಿದ್ರು.” ಕೋಟಿನ ಗುಂಡಿ ಬಿಚ್ಚುತ್ತಾ, “ಸೋಮವಾರ ಫಾದರ್ ಹತ್ರ ಹೋಗಣ” ಎಂದರು. ಎರಡನೇ ಸಲ ಎನ್ನುವ ಮಾತಿಲ್ಲ ಎಂದಿದ್ದರಲ್ಲ, ಅದೂ ಮಾತೇ. ಇಬ್ಬರು ಮಾನವಂತ ಗಂಡಸರ ನಡುವೆ ನನ್ನ ಕಾಲೇಜು ಅವತ್ತು ಮುಗಿಯಿತು. ಬಾಳೆಹಣ್ಣನ್ನು ದಾರಿಯಲ್ಲಿ ಒಂದು ಹಸುವಿಗೆ ಕೊಟ್ಟೆ.

ಚರ್ಚಿನ ಶಾಲೆಯಲ್ಲಿ ನನಗೆ ಸಿಕ್ಕಿದ್ದು ಅತಿ ಚಿಕ್ಕ ಮಕ್ಕಳ ತರಗತಿ. ಮೂಗು ಒರೆಸುವುದು, ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಮಧ್ಯಾಹ್ನ ನಿದ್ದೆ ಬಂದವರನ್ನು ಮಲಗಿಸುವುದು. ಮಕ್ಕಳ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೆ ಪ್ರೀತಿ ಬರಲು ಬಹಳ ದಿನ ಹಿಡಿಯಿತು. ಗೆಳತಿ ಕಾಲೇಜು ಸೇರಿ ಚರಿತ್ರೆಯನ್ನೇ ತೆಗೆದುಕೊಂಡಳು. ಯಾಕೆ ಎಂದರೆ, “ಅದೇ ಸುಲಭ ಕಣೇ” ಎಂದಳು. ಅವಳ ಅಪ್ಪ ಅಂಗಡಿಯ ಮುಂದೆ ಹಾದುಹೋಗುತ್ತಿದ್ದ ನನ್ನನ್ನು ಕರೆದು, ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡು, “ದೇವ್ರು ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅನ್ನು” ಎಂದು ನಿಟ್ಟುಸಿರುಬಿಟ್ಟರು. ಅವರನ್ನು ತಾತ್ಸಾರ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮುಂದಿನ ವರ್ಷ ನಾನು ಖಾಸಗಿಯಾಗಿ ಮತ್ತೆ ಪರೀಕ್ಷೆ ಕಟ್ಟಿದೆ. ಕಾಲೇಜಿಗೆ ಕಳಿಸುವುದಿಲ್ಲ ಎಂದು ಗೊತ್ತಿದ್ದರೂ ಕಟ್ಟಿದೆ. ಇದು ಹಠಕ್ಕೇ. ಅರ್ಜಿಯಲ್ಲಿ ಚರಿತ್ರೆಯ ಎದುರಿಗೆ ಯಾವ ಭಾಷೆ ಎಂದು ಕೇಳಿದ್ದರು. ಇಂಗ್ಲಿಷ್ ಎಂದು ತುಂಬಿದೆ. ಗೆಳತಿಯ ಹಳೆಯ ನೋಟ್ ಪುಸ್ತಕ ಇಸಿದುಕೊಂಡು, ನಾನೇ ಹೇಳಿಕೊಟ್ಟು ಅವಳು ಮೊಟಕು ಮಾಡಿದ್ದ ವಾಕ್ಯಗಳನ್ನು ಉರು ಹೊಡೆದೆ. ಪ್ರಶ್ನೆಗೆ ನಾಲ್ಕು ವಾಕ್ಯ, ಐದು ವಾಕ್ಯ. ಯಾವ ರಾಜನಿಗಾಗಿಯೂ ಅಳಲಿಲ್ಲ, ಅಳುವಷ್ಟು ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ನನ್ನ ಬದುಕಿನಲ್ಲಿ ಬರೆದ ಅತಿ ಕಳಪೆ ಉತ್ತರಗಳವು. ಬೇಕಾದದ್ದಕ್ಕಿಂತ ಒಂಬತ್ತು ಅಂಕ ಹೆಚ್ಚು ಬಂದವು. ‘ಅರ್ಹರು’ ಎಂದು ಬಿದ್ದ ಪುಸ್ತಕವನ್ನು ಅಪ್ಪ ಎರಡು ಕೈಯಲ್ಲಿ ಹಿಡಿದು ನೋಡಿ, “ಸಂತೋಷ” ಎಂದು ಮಾತೆ ಮರಿಯಮ್ಮನ ಪಟದ ಕೆಳಗೆ ಇಟ್ಟರು. ಮರುದಿನ ಬೆಳಗ್ಗೆ ಎಂದಿನಂತೆ ನನ್ನ ಬುತ್ತಿಗೆ ಅನ್ನ ಆಯಿತೇ ಎಂದು ವಿಚಾರಿಸಿದರು.

ಅದಾದ ಹದಿನೈದು ದಿನಕ್ಕೆ ಮೇಷ್ಟ್ರು ಚರ್ಚಿನ ಶಾಲೆಯ ಗೇಟಿಗೆ ಬಂದರು. ಕೈಯಲ್ಲಿ ಛತ್ರಿ. ಯಾರೋ ಸುದ್ದಿ ಮುಟ್ಟಿಸಿದ್ದರು. ನಾನು ಹೊರಗೆ ಬಂದೆ. ಅವರು ಕುಶಲ ಕೇಳಲಿಲ್ಲ.

“ಇಂಗ್ಲಿಷಿನಲ್ಲಿ ಬರೆದೆಯಂತೆ.”

“ಹೌದು ಸಾರ್.”

“ಬೇರೆಯೋರು ಮಾಡಿದ್ರೆ ನನಗೆ ಏನೂ ಅನ್ನಿಸ್ತಿರಲಿಲ್ಲ. ನೀನು ಮಾಡಿದೆಯಲ್ಲ. ಮೊದಲು ಕೈ ಎತ್ತಿದೋಳು ನೀನು. ದ್ರೋಹ ಅಲ್ವೇನಮ್ಮ ಇದು?”

ಆ ಮಾತು ಅವರ ಬಾಯಲ್ಲಿ ಬಂದದ್ದು ಕೇಳಿ ನನಗೆ ಮೊದಲು ನಗು ಬಂತು. ಒಂದು ವರ್ಷದಿಂದ ಬೆಳಗ್ಗೆ ಎದ್ದರೆ ಮಲಗುವವರೆಗೆ ನಾನು ಅಂದುಕೊಳ್ಳುತ್ತಿದ್ದ ಮಾತು ಅದೇ. ಅದನ್ನು ಅವರು ನನ್ನ ಮೇಲೇ ಹೊರಿಸಲು ಅಷ್ಟು ದೂರ ಬಿಸಿಲಲ್ಲಿ ನಡೆದು ಬಂದಿದ್ದರು.

“ಸಾರ್, ಈ ವರ್ಷ ನಿಮ್ಮ ಕಟ್ಟಿನಲ್ಲಿ ನಮ್ಮ ಹೈಸ್ಕೂಲಿಂದು ಎಷ್ಟು ಪೇಪರು ಇತ್ತು?” ಎಂದು ಕೇಳಿದೆ.

ಅವರು ಛತ್ರಿಯ ತುದಿಯಿಂದ ನೆಲ ಕುಕ್ಕಿದರು. “ಈ ವರ್ಷ ನನ್ನನ್ನ ಕರೀಲಿಲ್ಲ.”

“ಯಾಕೆ ಸಾರ್?”

“ಕಟ್ಟೇ ಇರಲಿಲ್ಲ. ಕನ್ನಡಕ್ಕೆ ಒಬ್ಬರೂ ಕಟ್ಟಲಿಲ್ಲ.”

ಅವರು ಹಾಗೆ ಹೇಳುವಾಗ ಧ್ವನಿ ತುಂಬ ಸಣ್ಣದಾಗಿತ್ತು. ಪೇಟ ಸರಿಮಾಡಿಕೊಂಡು ಸುತ್ತೋಲೆ ಓದಿದವರು ಇವರೇ ಎಂದು ಕನಿಕರ ಬಂತು. ಆ ಕನಿಕರದ ಮೇಲೇ ನನಗೆ ಸಿಟ್ಟು ಬಂತು. ಇವತ್ತು ಹೇಳದಿದ್ದರೆ ಇನ್ನು ಎಂದಿಗೂ ಹೇಳಲಾರೆ ಎಂದು ಹೇಳಿಯೇಬಿಟ್ಟೆ.

“ಅವರು ನಕ್ಕಿದ್ದು ನಿಮ್ಮನ್ನ ನೋಡಿ ಸಾರ್. ನೀವು ನಿಮ್ಮದೇನಾದ್ರೂ ಬೇಡ ಅನ್ನಬೇಕಿತ್ತು. ಆ ಐದು ಅಂಕ ನಿಮ್ಮದಾಗಿರ್ಲಿಲ್ಲ. ನನ್ನದಾಗಿತ್ತು.”

ಮೇಷ್ಟ್ರು ಕೋಪಿಸಿಕೊಳ್ಳುತ್ತಾರೆ ಎಂದುಕೊಂಡೆ. ಅವರು ನನ್ನನ್ನು ನೋಡಿದರು, ನನ್ನ ಸೆರಗಿಗೆ ಹತ್ತಿದ್ದ ಸೀಮೆಸುಣ್ಣದ ಪುಡಿಯನ್ನು ನೋಡಿದರು.

“ನೀವೆಲ್ಲ ನನ್ನವರು ಅಂದ್ಕೊಂಡಿದ್ದೆ ಮಗು” ಎಂದರು.

ಆ ಮಾತು ಕೇಳಿ ಅವರನ್ನು ಕ್ಷಮಿಸಿದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಕ್ಷಮಿಸಲಿಲ್ಲ. ನಮ್ಮವರು ಎಂದುಕೊಂಡೇ ನಾನೂ ಕೈ ಎತ್ತಿದ್ದೆ. ಗೇಟಿನ ಅಗುಳಿ ಹಾಕಿ ಒಳಗೆ ಬಂದೆ. ಅವರು ಎಷ್ಟು ಹೊತ್ತು ಅಲ್ಲೇ ನಿಂತಿದ್ದರೋ ನೋಡಲಿಲ್ಲ.